ಹುಟ್ಟು ಕೂರಿಸುವ ಕಬ್ಬಿಣ

ಎಮ್ಮೆಯೊಂದೇ ಮನೆಗೆ ಬಂತು.

ಅದನ್ನು ಹೊಡೆದುಕೊಂಡು ಬರಲು ಕೆರೆಗಿಳಿದಿದ್ದ ನನ್ನ ತಮ್ಮ ಮುನಿಯಪ್ಪ ಬರಲಿಲ್ಲ.

ಬೈರಕೂರಿನ ಹತ್ತಿರದ ನಮ್ಮೂರ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಈಜು ಬಲ್ಲವರು ಸಂಜೆಯವರೆಗೆ ಮುಳುಗಿ ನೋಡಿ, ನಡುಕೆರೆಗೆ ದೋಣಿಯೇ ಬೇಕು ಎಂದರು.

ದೋಣಿ ಇತ್ತು. ಬಾತುಕೋಳಿ ಹೊಡೆಯಲು ಬರುತ್ತಿದ್ದ ಇಂಗ್ಲಿಷ್ ದೊರೆಯೊಬ್ಬ ಯುದ್ಧಕ್ಕೆ ಹೋಗುವಾಗ ಬಿಟ್ಟುಹೋದ ಹಳೆಯ ಪುಟ್ಟ ದೋಣಿ. ಆದರೆ ಅಂಚಿನಲ್ಲಿ ಹುಟ್ಟು ಕೂರಿಸುವ ಕಬ್ಬಿಣದ ಕವಲುಗಳನ್ನು ಯಾರೋ ಕಿತ್ತುಕೊಂಡಿದ್ದರು. ಹುಟ್ಟನ್ನು ಅಂಚಿಗೆ ಹಗ್ಗದಿಂದ ಕಟ್ಟಿ ನೋಡಿದೆ... ಒಂದೆರಡು ಸಲ ಎಳೆಯುವಷ್ಟರಲ್ಲಿ ಜಾರಿತು.

ಬೆಳಗಾಗುತ್ತಲೇ ಕವಲು ಮಾಡಿಸಲು ನಂಜುಂಡಾಚಾರಿಯ ಕುಲುಮೆಗೆ ಓಡಿದೆ. ಕುಲುಮೆ ತಣ್ಣಗಿತ್ತು.

ಸಾವಾದರೆ ಹೆಣ ಎತ್ತುವವರೆಗೆ ನಮ್ಮ ಕೇರಿಯಲ್ಲಿ ಒಲೆ ಹಚ್ಚುವುದಿಲ್ಲ. ಆಚಾರಿಗೆ ಕುಲುಮೆಯೂ ಒಲೆಯೇ.

“ನಿನ್ ತಮ್ಮನ್ನ ಎತ್ತೋ ತನಕ ಹೆಂಗ್ ಹಚ್ಚಲೋ?”

“ನೀವು ಹಚ್ಚದಿದ್ರೆ ಎತ್ತೋದ್ ಹೆಂಗೆ ಆಚಾರ್ರೇ?”

ಆಚಾರಿ ಕೆಟ್ಟ ಮನುಷ್ಯರಲ್ಲ... ನಮ್ಮ ಹಾಗೆಯೇ ಅವರ ಮನೆಯವರೂ ಉಪವಾಸವಿದ್ದರು.

ಅಷ್ಟರಲ್ಲಿ ಅಮ್ಮ ಬಂದಳು. ರಾತ್ರಿಯಿಡೀ ಕೆರೆ ಏರಿಯ ಮೇಲೆ ಕೂತಿದ್ದವಳು. ಅವಳ ಮುಂದೆ ‘ಹೋದ’ ಎನ್ನಲು ಯಾರೂ ಧೈರ್ಯ ಮಾಡಿರಲಿಲ್ಲ.

“ಹಚ್ಚು ನಾಯ್ನಾ,” ಎಂದಳು ಆಚಾರಿಗೆ. “ಕಣ್ಣಾರೆ ಕಾಣೋಗಂಟ ನನ್ ಮಗ ಬದುಕವ್ನೆ. ಬದುಕಿರೋನ್ಗೆ ಎಂಥ ಸೂತಕ?”

ಆಚಾರಿ ತಿದಿ ಒತ್ತಿ ಬೆಂಕಿ ಎಬ್ಬಿಸಿದರು.

ಯುದ್ಧದ ಕಾಲ, ಹೊಸ ಕಬ್ಬಿಣ ಎಲ್ಲಿಯದು? ಗಾಡಿಚಕ್ರದ ಹಳೆಯ ಪಟ್ಟಿಯನ್ನೇ ಕತ್ತರಿಸಿ, ಕಾಯಿಸಿ, ಬಾಗಿಸಿದರು. ಮೇಲೆ ಕವಲು, ಕೆಳಗೆ ಒಂದು ಕಾಲು.

ದೋಣಿಯವರೆಗೂ ತಾವೇ ಬಂದರು. ಅಂಚಿನ ತೂತಿಗೆ ನಾನು ಸುತ್ತಿಗೆಯಿಂದ ಬಿಗಿಯಾಗಿ ಹೊಡೆಯಹೋದರೆ ಕೈ ಹಿಡಿದರು.

“ಲೇ, ಗಾಡಿ ಗೂಟ ಅಲ್ಲ ಕಣೋ ಇದು. ಹುಟ್ಟಿನ ಜೊತೆ ತಿರುಗ್ಬೇಕು.”

ಕಾಲನ್ನು ಅರದಿಂದ ಉಜ್ಜಿ ಸಣ್ಣ ಮಾಡಿ, ತೂತಿಗೆ ಹರಳೆಣ್ಣೆ ಬಿಟ್ಟು ಕೂರಿಸಿದರು.

ಹುಟ್ಟು ಹಾಕುತ್ತಾ ಹೋಗುತ್ತೇನೆ. ಕವಲು ಕಿರುಗುಟ್ಟುತ್ತದೆ, ಆದರೆ ಜಾರುವುದಿಲ್ಲ. ತೂಬಿನ ಕಲ್ಲಿನಿಂದ ಬಹಳ ಆಚೆ, ಜೊಂಡಿನಲ್ಲಿ, ಮುನಿಯಪ್ಪನ ಪಂಚೆ ಸಿಕ್ಕಿಕೊಂಡಿದೆ...

ಅವನನ್ನು ದಡಕ್ಕೆ ತಂದೆ. ಅಮ್ಮ ಸೆರಗಿನಿಂದ ಅವನ ಮುಖದ ಕೆಸರು ಒರೆಸಿದಳು. ಆಮೇಲೆಯೇ ಅತ್ತದ್ದು.

ಕುಲುಮೆಯ ಮುಂದೆ ಆಡಿದ ಆ ಮಾತನ್ನು ಅವಳು ನಂಬಿಯೇ ಆಡಿದ್ದಳೋ, ಆಚಾರಿಗೆ ದಾರಿ ಮಾಡಿಕೊಡಲು ಆಡಿದ್ದಳೋ... ಅವಳಿರುವವರೆಗೂ ನನ್ನಿಂದ ಕೇಳಲಾಗಲಿಲ್ಲ. ನೀವಾಗಿದ್ದರೆ ಕೇಳುತ್ತಿದ್ದಿರಾ?