ಜಗಲಿಯ ಬೋರ್ಡು

ಸಿದ್ದಾಪುರದ ತಾಲ್ಲೂಕು ಕಚೇರಿಯ ಎದುರು ಮುದುಕರೊಬ್ಬರು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದುಕೊಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಯಾವುದೋ ಕಾಗದಕ್ಕೆಂದು ಅವರ ಮುಂದೆ ನಿಂತಿದ್ದೆ. ರಿಬ್ಬನ್ ಬದಲಿಸಲು ಅವರು ಮಶಿನ್ನಿನ ಮುಚ್ಚಳ ತೆಗೆದರು. ಮಸಿ, ಎಣ್ಣೆ, ಬಿಸಿಲಿಗೆ ಕಾದ ಕಬ್ಬಿಣ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಲ್ಲಾಪುರದ ನಮ್ಮ ಮನೆಯ ಜಗಲಿಯಲ್ಲಿದ್ದೆ. ಹೆದ್ದಾರಿಗೆ ತಾಗಿಕೊಂಡ ಮನೆ ಅದು. ದಿಮ್ಮಿ ಹೇರಿದ ಲಾರಿ ಹೋದರೆ ಅಜ್ಜನ ಟೈಪಿಂಗ್ ಕ್ಲಾಸಿನ ಮಶಿನ್ನುಗಳೆಲ್ಲ ಯಾರೂ ಮುಟ್ಟದೆಯೇ ಗಲಗಲ ಅನ್ನುತ್ತಿದ್ದವು. ಆ ವಾಸನೆಯ ಜೊತೆ ನನಗೆ ಮೊದಲು ನೆನಪಾದದ್ದು ಅಜ್ಜ ಆಗಬೇಕಿತ್ತು. ಆದರೆ ನೆನಪಾದವಳು ರೇಣುಕಾ. ಅಬ್ಬಾ, ಅವಳನ್ನು ಕಂಡರೆ ಎಷ್ಟು ಹೊಟ್ಟೆ ಉರಿಯುತ್ತಿತ್ತು ನನಗೆ!

ಜಗಲಿಯ ಗೋಡೆಗೆ ಒಂದು ಕರಿ ಬೋರ್ಡು ಇತ್ತು. ದಿನಾ ಬೆಳಿಗ್ಗೆ ಅಜ್ಜ ಅದರ ಮೇಲೆ ಒಂದು ಕಷ್ಟದ ಇಂಗ್ಲಿಷ್ ಶಬ್ದ ಬರೆಯುತ್ತಿದ್ದ. ಕೆಳಗೆ ಕನ್ನಡದಲ್ಲಿ ಅರ್ಥ, ಅದರ ಕೆಳಗೆ ಒಂದು ಉದಾಹರಣೆ ವಾಕ್ಯ. ಆ ವಾಕ್ಯ ಮನೆಯವರ ಬಗ್ಗೆಯೇ ಇರಬೇಕೆಂಬುದು ಅವನ ಹಟ. "ಡಿಕ್ಷನರಿಲಿ ಇಪ್ಪ ವಾಕ್ಯ ಯಾರದ್ದೂ ಅಲ್ಲ. ನಮ್ಮನೆಯವ್ರ ಮೇಲೆ ಬರದ್ರೆ ಸಾಯವರೆಗೂ ಮರೀತಿಲ್ಲೆ," ಅನ್ನುತ್ತಿದ್ದ. 'ಇಂಡಿಫ್ಯಾಟಿಗಬಲ್', ದಣಿವೇ ಇಲ್ಲದ. 'ಅಜ್ಜಿ ಈಸ್ ಇಂಡಿಫ್ಯಾಟಿಗಬಲ್.' ಇಂಗ್ಲಿಷಿನ ಗಂಧವೇ ಇಲ್ಲದ ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಇವತ್ತು ಯಾರ ಹೆಸ್ರು ಬಂಜು?" ಎಂದು ಕೇಳುವುದು, ನಾವು ಓದಿ ಹೇಳುವುದು, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಗುವುದು, ಇವೆಲ್ಲ ಕಾಫಿಯಷ್ಟೇ ನಿತ್ಯದ ಸಂಗತಿಗಳಾಗಿದ್ದವು. ಒಳ್ಳೆಯ ಶಬ್ದದಲ್ಲಿ ಹೆಸರು ಬಂದರೆ ಇಡೀ ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ರೇಣುಕಾ ದಾಸನಕೊಪ್ಪದ ಲಾರಿ ಡ್ರೈವರೊಬ್ಬರ ಮಗಳು. ಯಲ್ಲಾಪುರದ ಕಟ್ಟಿಗೆ ಡಿಪೋಕ್ಕೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು ಹೋಗುತ್ತಿದ್ದ ಅವಳಪ್ಪ, ಒಂದು ಜೂನಿನಲ್ಲಿ ಮಗಳನ್ನೇ ಕರೆತಂದ. "ಇಂಗ್ಲಿಷ್ ಒಂದು ಕಲಿಸಿಬಿಡ್ರಿ ಅಜ್ಜಾರ, ನಿಮ್ಮ ಪುಣ್ಯಾ," ಎಂದ. ಜಗಲಿಯ ಮಗ್ಗುಲಿನ ಕೋಣೆ ಅವಳಿಗಾಯಿತು. ನನ್ನದೇ ಎಂಟನೇ ಕ್ಲಾಸು, ನನ್ನದೇ ಬೆಂಚು. ಆಮೇಲೆ ಬೋರ್ಡೂ ಅವಳದೇ ಆಯಿತು! 'ಮೆಟಿಕ್ಯುಲಸ್', ಅಚ್ಚುಕಟ್ಟಿನ: ರೇಣುಕಾ. 'ಟೆನೇಶಿಯಸ್', ಹಿಡಿದದ್ದು ಬಿಡದ: ರೇಣುಕಾ. ನನ್ನ ಪಾಲಿಗೆ ಬಂದದ್ದು 'ಗಾರುಲಸ್', ವಟವಟ ಮಾತಾಡುವ. ಅಂದಿನಿಂದ ಅಜ್ಜಿ ಊಟಕ್ಕೆ ಕರೆಯುವುದೂ "ಏ ಗಾರುಲಸ್, ಬಾರೇ" ಎಂದೇ. ಮೊಮ್ಮಗಳು ನಾನು, ಎಲ್ಲಿಂದಲೋ ಬಂದವಳಿಗೆ ಬೆಣ್ಣೆಯಂಥ ಶಬ್ದಗಳು! ರಾತ್ರಿ ಕಂಬಳಿಯೊಳಗೆ ಹಲ್ಲು ಕಚ್ಚುತ್ತಿದ್ದೆ.

ಅವಳ ಊಟದ ಮೇಲೂ ನನಗೆ ಕಣ್ಣು. ನಾವು ಒಳಗೆ, ಅಡುಗೆಮನೆಯ ಹೊಗೆಯಲ್ಲಿ ಸಾಲಾಗಿ ಕೂತು ಉಣ್ಣಬೇಕು. ಅವಳಿಗೆ ಜಗಲಿಯಲ್ಲಿ ಎಲೆ. ಗಾಳಿ ಬೀಸುವ ಜಾಗ, ಕಣ್ಣೆದುರೇ ಲಾರಿಗಳು. ಅಜ್ಜಿ ತುಸು ಮೇಲಿನಿಂದ ಅನ್ನ ಬಿಟ್ಟು ಹೋಗುತ್ತಿದ್ದಳು. ಉಂಡಾದ ಮೇಲೆ ರೇಣುಕಾ ಎಲೆ ತೆಗೆದು, ನೆಲ ಸಾರಿಸುತ್ತಿದ್ದಳು. ಅಷ್ಟರಲ್ಲಿ ಅಜ್ಜ ತನ್ನ ಊಟ ಮುಗಿಸಿ ಎಲೆಅಡಿಕೆಯ ಕವಳ ಹಾಕಿಕೊಂಡು ಹೊರಗೆ ಬಂದು, ಅವಳ ಎದುರು ಕುರ್ಚಿ ಎಳೆದುಕೊಂಡು ಮರುದಿನದ ಶಬ್ದದ ಮಾತು ತೆಗೆಯುತ್ತಿದ್ದ. ಅದೊಂದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. "ನಂಗೂ ಜಗಲಿಲೇ ಎಲೆ ಹಾಕು," ಎಂದು ಅಜ್ಜಿಯ ಸೆರಗು ಜಗ್ಗಿದ್ದೆ. "ಹುಚ್ಚು ಕೂಸೆ, ಸುಮ್ನೆ ಒಳಗೆ ಕೂತ್ಕಂಡು ಉಣ್ಣು," ಎಂದು ಗದರಿದಳು.

ಈ ರಂಪವನ್ನು ಅಜ್ಜ ಕೇಳಿಸಿಕೊಂಡಿರಬೇಕು. ಮರುದಿನ ಬೋರ್ಡಿನ ಮೇಲೆ 'ಎನ್ವಿಯಸ್', ಹೊಟ್ಟೆಕಿಚ್ಚಿನ. 'ಶಾಲಿನಿ ಈಸ್ ಎನ್ವಿಯಸ್ ಆಫ್ ರೇಣುಕಾ.' ಟೈಪಿಂಗಿಗೆ ಬಂದ ಹುಡುಗರೆಲ್ಲ ಹೋ ಎಂದು ನಕ್ಕರು. ನಾನು ಅಳುತ್ತ ಲಂಗದಿಂದಲೇ ಬೋರ್ಡು ಒರೆಸಿದೆ. ರೇಣುಕಾ ನಗಲಿಲ್ಲ. ನನ್ನನ್ನೇ ಏನೋ ವಿಚಿತ್ರ ಕಂಡವಳ ಹಾಗೆ ನೋಡುತ್ತಿದ್ದಳು.

ಎಸ್ಸೆಸ್ಸೆಲ್ಸಿ ಮುಗಿಸಿ ಅವಳು ಊರಿಗೆ ಹೋದಳು. ಅಜ್ಜ ಹೋದ, ಹಿಂದೆಯೇ ಅಜ್ಜಿ. ಕಂಪ್ಯೂಟರ್ ಬಂದ ಮೇಲೆ ಮಶಿನ್ನುಗಳನ್ನು ಗುಜರಿಯವನು ಒಯ್ದ. ಈಗ ಮನೆಯ ಜಾಗದಲ್ಲಿ ಟೈರಿನ ಅಂಗಡಿ ಇದೆ. ರೇಣುಕಾ ಸಿದ್ದಾಪುರದಲ್ಲಿ ಇಂಗ್ಲಿಷ್ ಟೀಚರಾಗಿದ್ದಾಳೆಂದು ಗೊತ್ತಿದ್ದರೂ ನಾನು ಹೋಗಿರಲಿಲ್ಲ. ಯಾಕೆ ಅಂತ ಬೇರೆ ಹೇಳಬೇಕೆ? ಆ ದಿನ ಮಾತ್ರ ರಿಬ್ಬನ್ನಿನ ವಾಸನೆ ನನ್ನನ್ನು ಎಳೆದುಕೊಂಡು ಅವಳ ಶಾಲೆಗೆ ಒಯ್ದಿತು.

ಕ್ಲಾಸಿನ ಹೊರಗೆ ನಿಂತೆ. ಒಳಗೆ ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಿದ್ದರು: 'ಅಜ್ಜಿ ಈಸ್ ಇಂಡಿಫ್ಯಾಟಿಗಬಲ್.' ನನ್ನ ಅಜ್ಜಿ! ಅವಳ ಮುಖವನ್ನೇ ಕಾಣದ ಮಕ್ಕಳ ಬಾಯಲ್ಲಿ! ನನ್ನ ಮಕ್ಕಳಿಗೆ ಆ ವಾಕ್ಯ ಗೊತ್ತಿಲ್ಲ. ನಮ್ಮ ಮನೆಯನ್ನು ಇವಳು ಪೂರ್ತಿ ಇಟ್ಟುಕೊಂಡಿದ್ದಾಳಲ್ಲ ಎಂದು ಹಳೆಯ ಉರಿ ಎದೆಗೆ ಬಂತು. ಅಷ್ಟರಲ್ಲಿ ಮುಂದಿನ ವಾಕ್ಯ: 'ರೇಣುಕಾ ಈಸ್ ಎನ್ವಿಯಸ್ ಆಫ್ ಶಾಲಿನಿ.'

ಊಟದ ಬಿಡುವಿನಲ್ಲಿ ಮಕ್ಕಳು ಹೊರಗೆ ಓಡಿದರು. "ಹೆಸರು ಯಾಕೆ ಅದಲು ಬದಲು ಮಾಡಿದೆ?" ಎಂದು ಅವಳನ್ನು ಕೇಳಿದೆ.

"ನಿಮ್ಮ ಅಜ್ಜಾರು ಅದೊಂದು ತಪ್ಪು ಬರದಿದ್ರು, ನಾ ತಿದ್ದೀನಿ," ಎಂದಳು. "ನನ್ನ ಹೆಸರು ದಿನಾ ಬೋರ್ಡಿನ ಮ್ಯಾಲೆ ಬರತಿತ್ತು, ಖರೇ. ಊಟದ ಹೊತ್ತಿಗೆ ನೀ ಒಳಗ ಹೋಗ್ತಿದ್ದಿ ಶಾಲೂ. ನಾ ಆ ಬಾಗಿಲಾ ನೋಡ್ಕೋತ ಉಣ್ತಿದ್ದೆ. ಮೂರು ವರ್ಷ ನಿಮ್ಮನ್ಯಾಗ ಇದ್ದೆ. ನಿಮ್ಮ ಅಡಗಿಮನಿ ಹೆಂಗಿತ್ತು ಅಂತ ನನಗ ಇವತ್ತಿಗೂ ಗೊತ್ತಿಲ್ಲ."

ಆಮೇಲೆ ಮೆಲ್ಲಗೆ ಕೇಳಿದಳು: "ಒಲಿ ಯಾವ ಕಡೆ ಇತ್ತು?"

ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಒಲೆ ಇಲ್ಲಿ, ಅದರ ಮೇಲೆ ಹೊಗೆ ಹೋಗುವ ಕಿಂಡಿ, ಮಜ್ಜಿಗೆ ಕಡೆಯುವ ಕಂಬ, ಅಜ್ಜಿ ಕೂರುವ ಮಣೆ. ಗೋಡೆಯ ಉದ್ದಕ್ಕೆ ನಮ್ಮ ಊಟದ ಎಲೆಗಳ ಸಾಲು. ರೇಣುಕಾ ಕೈ ಕಟ್ಟಿಕೊಂಡು ನೋಡುತ್ತ ನಿಂತಳು. ಬೆಲ್ ಆಯಿತು, ಮಕ್ಕಳ ಗದ್ದಲ ಹತ್ತಿರ ಬಂತು. ಅವಳು ಡಸ್ಟರ್ ತೆಗೆದುಕೊಂಡು ಒಲೆ ಒರೆಸಿದಳು, ಕಿಂಡಿ ಒರೆಸಿದಳು, ಮಣೆ ಒರೆಸಿದಳು. ಎಲೆಗಳ ಸಾಲಿನ ಹತ್ತಿರ ಕೈ ತಡೆಯಿತು. ಮಕ್ಕಳು ಬಾಗಿಲಿಗೆ ಬಂದ ಮೇಲೆ ಅದನ್ನೂ ಒರೆಸಿದಳು.