ಸುಲೈಬಿಯಾ ತಲುಪದ ತರಬೇತಿ

ಕುವೈತಿನಲ್ಲಿ ನಮ್ಮ ಕರಾವಳಿಯವರಿಗೆ ಸಂಘಗಳಿಗೇನೂ ಬರಗಾಲವಿಲ್ಲ. ಆ ಸಂಘಗಳ ಪೈಕಿ ಹೆಸರಿನಿಂದಲೇ ಗಾಬರಿ ಹುಟ್ಟಿಸುವಂಥದ್ದು ಆಪತ್ಸಹಾಯ ಮಂಡಳಿ. ಉದ್ದೇಶ ಮಾತ್ರ ಬಂಗಾರದಂಥದ್ದು: ನಮ್ಮವರಲ್ಲಿ ಯಾರಾದರೂ ದಿಢೀರನೆ ಕುಸಿದು ಬಿದ್ದರೆ, ಎಲ್ಲಾದರೂ ಬೆಂಕಿ ಹೊತ್ತಿಕೊಂಡರೆ, ಆಂಬುಲೆನ್ಸ್ ಬರುವ ತನಕ ಜೀವ ಹಿಡಿದು ನಿಲ್ಲಿಸಲು ತರಬೇತಿ ಆದ ನಾಲ್ಕು ಜನ ಇರಬೇಕು.

ಆ ನಾಲ್ಕು ಜನ ಯಾರು ಎನ್ನುವಲ್ಲಿ ಮಾತ್ರ ನಾವು ನಮ್ಮ ಬುದ್ಧಿ ತೋರಿಸಿದೆವು. ತರಬೇತಿ ಪದಾಧಿಕಾರಿಗಳಿಗೆ ಮಾತ್ರ. ಪದಾಧಿಕಾರಿಗಳೋ, ವರ್ಷಕ್ಕೊಮ್ಮೆ ಬದಲಾಗಲೇಬೇಕು. ಈ ವರ್ಷ ತುಳುವರು ಅಧ್ಯಕ್ಷರಾದರೆ ಬರುವ ವರ್ಷ ಕೊಂಕಣಿಯವರು. ಒಬ್ಬನೇ ಎರಡು ವರ್ಷ ಕುರ್ಚಿಯಲ್ಲಿ ಕೂತರೆ ಮೂರನೇ ವರ್ಷ ಸಂಘವೇ ಎರಡಾಗುತ್ತದೆ. ಹಾಗಾಗಿ ಪ್ರತಿ ವರ್ಷ ಹೊಸ ಮಂಡಳಿ, ಹೊಸ ಮಂಡಳಿಗೆ ಸಾಲ್ಮಿಯಾದ ಸಮುದ್ರ ಕಾಣುವ ಹೋಟೆಲಿನಲ್ಲಿ ಅದೇ ತರಬೇತಿ, ಅದೇ ರಬ್ಬರ್ ಬೊಂಬೆ, ಅದೇ ಬಿರಿಯಾನಿ. ಎದೆ ಒತ್ತಿಸಿಕೊಂಡು ಒತ್ತಿಸಿಕೊಂಡು ಆ ಬೊಂಬೆಗೆ ನಮ್ಮವರ ಮೇಲೆ ಬೇಸರ ಬಂದಿರಬೇಕು. ಖರ್ಚು ಸದಸ್ಯರ ಚಂದಾದಿಂದ. ಸದಸ್ಯರಲ್ಲಿ ಹೆಚ್ಚಿನವರು ಸುಲೈಬಿಯಾದ ಕ್ಯಾಂಪುಗಳಲ್ಲಿ ಮಲಗುವ ಗೋದಾಮಿನ ಕೆಲಸದವರು. ಅವರು ಸಾಲ್ಮಿಯಾದ ಆ ಹೋಟೆಲನ್ನು ನೋಡಿದ್ದು ವಾಟ್ಸಾಪಿನ ಫೋಟೋಗಳಲ್ಲಿ.

ಸುಕುಮಾರ ಮಂಡಳಿಗೆ ಬಂದದ್ದು ಕ್ಯಾಂಪಿನ ಕಡೆಯವನೊಬ್ಬ ಇರಲಿ ಎಂಬ ಲೆಕ್ಕದಲ್ಲಿ. ಐವತ್ತು ದಾಟಿದ ಮನುಷ್ಯ. ಸುಲೈಬಿಯಾದ ತರಕಾರಿ ಗೋದಾಮಿನಲ್ಲಿ ಸೂಪರ್‌ವೈಸರ್. ಕ್ಯಾಂಪಿನ ಬಂಕ್ ಮಂಚದಲ್ಲಿ ವರ್ಷಗಟ್ಟಲೆ ಮಲಗಿ, ಬಡ್ತಿ ಸಿಕ್ಕಿದ ಮೇಲೆ ಹೆಂಡತಿ ಪುಷ್ಪಾವತಿಯನ್ನು ಕರೆಸಿಕೊಂಡು ಖೈತಾನಿನಲ್ಲಿ ಒಂದು ಕೋಣೆಯ ಮನೆ ಮಾಡಿದ್ದ. ಊರಿನಲ್ಲಿದ್ದಾಗ ಇಂಜೆಕ್ಷನ್ ಸೂಜಿ ಕಂಡರೆ ಬೆವರುತ್ತಿದ್ದವನು ಈಗ ಆಪತ್ಸಹಾಯದ ಜೊತೆ ಕಾರ್ಯದರ್ಶಿ ಎಂದು ಪುಷ್ಪಾವತಿ ನಕ್ಕದ್ದೇ ನಕ್ಕದ್ದು.

ಆದರೆ ತರಬೇತಿ ಅವನಿಗೆ ನಾಟಿತು. ಅಧ್ಯಕ್ಷ ಡೋಲ್ಫಿಯವರ ಟೈ ಬೊಂಬೆಯ ಬಾಯಿಗೆ ಹೋಗಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ ಇವನೊಬ್ಬ ಮೊಣಕಾಲೂರಿ ಒತ್ತುತ್ತಲೇ ಇದ್ದ. ಮುಂದಿನ ಸಭೆಯಲ್ಲಿ ಧೈರ್ಯ ಮಾಡಿ ಎದ್ದು ನಿಂತ.

"ಸರ್, ಬೊಂಬೆಯನ್ನು ಒಂದು ಶುಕ್ರವಾರ ಕ್ಯಾಂಪಿಗೆ ತಕೊಂಡು ಹೋಗುವನಾ? ನನ್ನ ವ್ಯಾನ್ ಉಂಟು. ಅಲ್ಲಿ ಜನ ಜಾಸ್ತಿ, ಒಟ್ಟಿಗೇ ಇರ್ತಾರೆ."

"ಒಳ್ಳೆ ಐಡಿಯಾ ಸುಕುಮಾರ್," ಎಂದರು ಡೋಲ್ಫಿ. ಅವರೇನು ಕೆಟ್ಟ ಮನುಷ್ಯರಲ್ಲ. ಯಾರ ಮದುವೆಗೂ ತಪ್ಪಿಸಿಕೊಳ್ಳದವರು. "ಆದ್ರೆ ಈ ವರ್ಷದ ಪ್ರೋಗ್ರಾಮ್ ಫಿಕ್ಸ್ ಆಗಿದೆ ಮಾರಾಯ. ಬರುವ ವರ್ಷದ ಕಮಿಟಿಗೆ ಹೇಳುವ."

"ಕ್ಯಾಂಪಿನವ್ರಿಗೆ ಬೊಂಬೆ ಕೊಟ್ರೆ ಅದಕ್ಕೂ ಇಲ್ಲಿ ಇರ್ಲಿಕ್ಕೆ ಇಕಾಮಾ ಪರ್ಮಿಟ್ ಮಾಡಿಸ್ಬೇಕಾದೀತು!" ಎಂದ ಯಾರೋ. ಸಭೆ ನಕ್ಕಿತು. ಸುಕುಮಾರನೂ ನಕ್ಕು ಕುಳಿತ. ಬೊಂಬೆ ಇಲ್ಲದೆಯೂ ತಾನೇ ಹೋಗಿ ತೋರಿಸಬಹುದಿತ್ತು. ಕ್ಯಾಂಪಿಗೆ ದಿನವೂ ಹೋಗುವವನೇ. ಆದರೆ ಹುಡುಗರು ಗೇಲಿ ಮಾಡಿಯಾರು ಎಂದು ನಾಚಿಕೆ. ನಾಳೆ ನಾಳೆ ಎನ್ನುತ್ತಾ ಬಿಟ್ಟ.

ತರಬೇತಿ ಪಡೆದವರಿಗೆ ಸನ್ಮಾನ ಮಾಡದಿದ್ದರೆ ಅದು ನಮ್ಮ ಸಂಘವೇ ಅಲ್ಲ. ಅದೇ ಸಾಲ್ಮಿಯಾ, ಅದೇ ಹೋಟೆಲು, ಶುಕ್ರವಾರ ಮಧ್ಯಾಹ್ನ. ಸುಕುಮಾರನ ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಡುತ್ತಿರುವಾಗ ಜೇಬಿನ ಫೋನು ನಡುಗಿತು. ಒಮ್ಮೆ ನಿಂತು ಮತ್ತೆ ನಡುಗಿತು. ಬುಟ್ಟಿಯನ್ನು ಮೇಜಿಗಿಟ್ಟು ಕಿವಿಗೆ ಹಿಡಿದ.

ಕ್ಯಾಂಪಿನಿಂದ ನಿತೇಶ. ಅವನ ಸೋದರಮಾವ ಲೋಕಯ್ಯ ಸುಕುಮಾರನ ಹಳೆಯ ರೂಮ್‌ಮೇಟ್, ಅದೇ ಗೋದಾಮಿನ ಫೋರ್ಕ್‌ಲಿಫ್ಟ್ ಡ್ರೈವರ್. ಕಫೀಲನ, ಅಂದರೆ ಕೆಲಸ ಕೊಟ್ಟ ಧಣಿಯ, ಕಾಲು ಹಿಡಿದು ವೀಸಾ ಮಾಡಿಸಿ ಅಳಿಯನನ್ನು ಕರೆಸಿಕೊಂಡವನು.

"ಸುಕುಮಾರಣ್ಣಾ, ಮಾವ ಬಿದ್ರು. ಊಟಕ್ಕೆ ಕೂತಿದ್ರು, ಹಾಗೇ ಒರಗಿದ್ರು. ಮಾತೇ ಇಲ್ಲ."

"ಆಂಬುಲೆನ್ಸಿಗೆ ಹೇಳಿದ್ಯಾ?"

"ಹೇಳಿ ಆಯ್ತು, ಬರ್ತಾ ಉಂಟಂತೆ. ಗೋಡೆಗೆ ಒರಗಿಸಿ ಕೂರಿಸಿದ್ದೇವೆ. ಕಾಲು ತಿಕ್ಕಿದೆವು, ನೀರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು. ನೀರು ಕುಡಿಸಿದ್ರೆ ಹೊರಗೇ ಬರ್ತದೆ ಅಣ್ಣ."

ಸುಕುಮಾರ ಕೂಗಿಯೇಬಿಟ್ಟ. "ನೀರು ಹಾಕ್ಬೇಡ! ನೆಲಕ್ಕೆ ಮಲಗಿಸು. ಉಸಿರು ಉಂಟಾ ನೋಡು. ಇಲ್ವಾ? ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತು. ಜೋರಾಗಿ! ಒತ್ತು, ಒತ್ತು, ಒತ್ತು!"

ಮೈಕು ಅವನ ಪಕ್ಕದಲ್ಲೇ ಇತ್ತು. ಇಡೀ ಹಾಲಿಗೆ ಕೇಳಿಸಿತು. ಕಲಿತದ್ದನ್ನು ಪ್ರದರ್ಶಿಸುತ್ತಿದ್ದಾನೆ ಎಂದುಕೊಂಡ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲುಗಳಲ್ಲಿ ಮಾಜಿ ಪದಾಧಿಕಾರಿಗಳು ಕೂತಿದ್ದರು, ಎದೆ ಒತ್ತಲು ಕಲಿತವರೇ ಎಲ್ಲರೂ. ನಿಂತುಹೋದ ಎದೆ ಮಾತ್ರ ಅರ್ಧ ಗಂಟೆಯ ದಾರಿಯಾಚೆ, ಸುಲೈಬಿಯಾದಲ್ಲಿ, ನೀರುಳ್ಳಿ ಹಿಡಿದು ನಿಂತವರ ನಡುವೆ ಇತ್ತು.

ಪೇಟ ತಲೆಯ ಮೇಲಿರುವಂತೆಯೇ ವ್ಯಾನ್ ಹತ್ತಿದ ಸುಕುಮಾರ ಅಲ್ಲಿಗೆ ತಲುಪುವಷ್ಟರಲ್ಲಿ ಆಂಬುಲೆನ್ಸಿನವರು ತಮ್ಮ ಕೆಲಸ ಮುಗಿಸಿದ್ದರು. ಖಲಾಸ್ ಎಂಬಂತೆ ಒಬ್ಬ ಕೈಯಾಡಿಸಿದ. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ ಹಾಗೇ ಇತ್ತು.

ಹೊರಗೆ ಗೋಡೆಯ ನೆರಳಿನಲ್ಲಿ ನಿತೇಶ ಕುಕ್ಕರುಗಾಲಲ್ಲಿ ಕೂತಿದ್ದ.

"ಅಣ್ಣಾ, ಸತ್ಯ ಹೇಳಿ. ನಾವು ಸರಿಯಾಗಿ ಮಾಡಿದ್ರೆ ಮಾವ ಉಳೀತಿದ್ರಾ?"

ಉಳಿಯುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಉಳಿಯುವ ಸಾಧ್ಯತೆ ಇತ್ತು ಎಂಬುದು ಸುಕುಮಾರನಿಗೆ ಗೊತ್ತಿತ್ತು. ಅದನ್ನೇ ಅವನಿಗೆ ಎರಡು ದಿನ ಕಲಿಸಿದ್ದರು.

"ಇಲ್ಲ ಮಾರಾಯ," ಎಂದ. "ಯಾರು ಏನು ಮಾಡಿದ್ರೂ ಉಳೀತಿರ್ಲಿಲ್ಲ."

ನಿತೇಶ ಆಗಲೇ ಅತ್ತದ್ದು.

ಲೋಕಯ್ಯನಿದ್ದ ಪೆಟ್ಟಿಗೆ ಮಂಗಳೂರಿನ ವಿಮಾನ ಹತ್ತಿತು. ಇಕಾಮಾ ನವೀಕರಣ ಮುಗಿಯದೆ ನಿತೇಶನಿಗೆ ಜೊತೆಯಲ್ಲಿ ಹೋಗಲಾಗಲಿಲ್ಲ. ಇತ್ತ ಮಂಡಳಿ ಸಂತಾಪ ಸಭೆ ಕರೆಯಿತು. ಡೋಲ್ಫಿಯವರ ದುಃಖ ನಿಜವಾದದ್ದೇ. ಮೌನಾಚರಣೆಯ ನಂತರ ನಿರ್ಣಯವಾಯಿತು: ಲೋಕಯ್ಯನವರ ಸ್ಮರಣಾರ್ಥ ಬರುವ ವರ್ಷದಿಂದ ಪದಾಧಿಕಾರಿಗಳ ತರಬೇತಿ ಎರಡು ದಿನದ ಬದಲು ಮೂರು ದಿನ.

ಸುಕುಮಾರ ಎದ್ದು ನಿಂತ. ಈ ಸಲ ಯಾರೂ ನಗಲಿಲ್ಲ.

"ಬರುವ ವರ್ಷದ್ದು ನೀವು ಮಾಡಿ. ಈ ಶುಕ್ರವಾರ ನಾನು ಕ್ಯಾಂಪಿಗೆ ಹೋಗಿ ಕಲಿಸ್ತೇನೆ. ಬೊಂಬೆ ಇಲ್ಲದಿದ್ರೂ ಅಡ್ಡಿಲ್ಲ."

ಮನೆಗೆ ಬಂದು ಹೇಳಿದರೆ, ಮೀನು ಹೆಚ್ಚುತ್ತಿದ್ದ ಪುಷ್ಪಾವತಿಯ ಕೈ ನಿಂತಿತು.

"ಆ ಹುಡುಗನಿಗೆ ಏನು ಮಾಡಿದ್ರೂ ಉಳೀತಿರ್ಲಿಲ್ಲ ಅಂದಿದ್ದೀರಲ್ಲ. ಈಗ ಹೀಗೆ ಮಾಡಿದ್ರೆ ಉಳೀತಾರೆ ಅಂತ ಅವನೆದುರೇ ಕಲಿಸುದಾ?"

ಸುಕುಮಾರ ಇದನ್ನು ಯೋಚಿಸಿಯೇ ಇರಲಿಲ್ಲ. ಕಲಿಸಿದರೆ ನಿತೇಶನಿಗೆ ಇರುವ ಒಂದೇ ಸಮಾಧಾನ ಹೋಗುತ್ತದೆ. ಕಲಿಸದಿದ್ದರೆ ನಾಳೆ ಆ ಸಾಲು ಮಂಚಗಳಲ್ಲಿ ಇನ್ನೊಬ್ಬ ಬೀಳುತ್ತಾನೆ, ಇನ್ನೊಬ್ಬ ನೀರುಳ್ಳಿ ಜಜ್ಜುತ್ತಾನೆ.

"ಅವನು ಡ್ಯೂಟಿಯಲ್ಲಿರುವಾಗ ಕಲಿಸ್ಲಿಕ್ಕೆ ಆಗುದಿಲ್ವಾ?" ಎಂದಳು ಅವಳು, ದನಿ ತಗ್ಗಿಸಿ.

"ಒಂದೇ ರೂಮಿನವ್ರು. ಸಂಜೆಗೆ ಅವನ ಕಿವಿಗೆ ಬೀಳ್ತದೆ. ಬೇರೆಯವ್ರ ಬಾಯಿಂದ ಕೇಳುದಕ್ಕಿಂತ ನನ್ನಿಂದ್ಲೇ ಕೇಳ್ಲಿ."

ಶುಕ್ರವಾರ ಕ್ಯಾಂಪಿನ ಊಟದ ಕೋಣೆಯಲ್ಲಿ ಮೇಜು ಸರಿಸಿ ನೆಲಕ್ಕೆ ಚಾಪೆ ಹಾಸಿದರು. ಬೊಂಬೆಯ ಬದಲು ಬಿಗಿಯಾಗಿ ಕಟ್ಟಿದ ಅಕ್ಕಿಯ ಚೀಲ. "ಅಣ್ಣ, ಇವನಿಗೆ ತಲೆಯೇ ಇಲ್ವಲ್ಲ," ಎಂದ ಒಬ್ಬ. "ನಿನಗಿಂತ ವಾಸಿ, ಹೊಟ್ಟೆಯಲ್ಲಾದ್ರೂ ಏನೋ ಉಂಟು," ಎಂದ ಇನ್ನೊಬ್ಬ. ನಗು ಎದ್ದು, ಬಾಗಿಲಲ್ಲಿ ನಿತೇಶ ಕಾಣಿಸಿದೊಡನೆ ಅಡಗಿತು.

ಸುಕುಮಾರ ಅವನ ಮುಖ ನೋಡದೆ ಶುರುಮಾಡಿದ. ಕೂರಿಸಬಾರದು, ಮಲಗಿಸಬೇಕು. ಬಾಯಿಗೆ ಏನೂ ಹಾಕಬಾರದು. ಕೈ ಇಲ್ಲಿ, ಮೊಣಕೈ ನೆಟ್ಟಗೆ. ಒಂದೊಂದು ಮಾತೂ ಆ ದಿನ ಇದೇ ಕೋಣೆಯಲ್ಲಿ ನಡೆದದ್ದರ ತಿದ್ದುಪಡಿಯಂತೆ ಕೇಳಿಸುತ್ತಿತ್ತು, ಅವನಿಗೇ.

"ಎಷ್ಟು ಹೊತ್ತು ಒತ್ತುದು ಅಣ್ಣ?" ಎಂದು ಕೇಳಿದ ಒಬ್ಬ.

"ಆಂಬುಲೆನ್ಸಿನವ್ರು ಬಂದು ಕೈ ಹಾಕುವ ತನಕ. ನಡುವೆ ನಿಲ್ಲಿಸ್ಬಾರದು."

"ನಾನು ನಿಲ್ಲಿಸಿದೆ," ಎಂದ ನಿತೇಶ.

ಸುಕುಮಾರ ಅವನತ್ತ ತಿರುಗಿದ.

"ನೀವು ಫೋನಲ್ಲಿ ಹೇಳಿದ ಹಾಗೆ ಒತ್ತಿದೆ ಅಣ್ಣ. ಒಳಗೆ ಎಲುಬು ಲಟಕ್ ಅಂತು. ಮಾವನಿಗೆ ನೋವಾಗ್ತದೆ ಅಂತ ಕೈ ತೆಗೆದೆ."

ಎಲುಬು ಮುರಿಯಬಹುದು, ಮುರಿದರೂ ನಿಲ್ಲಿಸಬೇಡಿ ಎಂದು ಸಾಲ್ಮಿಯಾದಲ್ಲಿ ಮತ್ತೆ ಮತ್ತೆ ಹೇಳಿದ್ದರು. ವರ್ಷ ವರ್ಷವೂ, ಪ್ರತಿ ಮಂಡಳಿಗೂ. ಫೋನಿನಲ್ಲಿ ಸುಕುಮಾರನಿಗೆ ಅದೊಂದು ಮಾತು ನೆನಪಾಗಿರಲಿಲ್ಲ. ಯಾರು ಏನು ಮಾಡಿದರೂ ಉಳಿಯುತ್ತಿರಲಿಲ್ಲ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅಷ್ಟೂ ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಹಾಗೆ ಹೇಳಿಬಿಟ್ಟರೆ ಅವರಲ್ಲಿ ಯಾರೂ ಇನ್ನು ಒತ್ತುವುದಿಲ್ಲ.

"ಮುರಿದ್ರೂ ಒತ್ಬೇಕಿತ್ತು," ಎಂದ. "ಅದು ನಿನಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ. ಆ ದಿನ ನಿನಗೆ ಹೇಳಿದ್ದು ಸುಳ್ಳು ನಿತೇಶ. ಉಳಿಯುವ ಸಾಧ್ಯತೆ ಇತ್ತು."

ನಿತೇಶ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಹೊರಟೇಹೋಗುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಚಪ್ಪಲಿ ಕಳಚಿ, ಒಳಗೆ ಬಂದು, ಚೀಲದ ಪಕ್ಕ ಮೊಣಕಾಲೂರಿದ.

"ಕೈ ಎಲ್ಲಿ ಇಡುದು, ತೋರಿಸಿ."

ಸುಕುಮಾರ ಅವನ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ. ನಿತೇಶ ಒತ್ತತೊಡಗಿದ. ಚೀಲದೊಳಗೆ ಅಕ್ಕಿ ಕರಕರ ಎನ್ನುತ್ತಿತ್ತು. ತಮ್ಮ ಸರದಿಗೆ ಕಾಯುತ್ತಿದ್ದವರು ಸುತ್ತ ನಿಂತೇ ಇದ್ದರು. ಸಾಕು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.