ಜೇನುಪೆಟ್ಟಿಗೆಯ ಕಾಲಬುಡದ ಬಟ್ಟಲು

ಕೈಯಿಂದ ಹಳೇ ಇಂಜಿನ್ ಆಯಿಲಿನ ವಾಸನೆ ಹೋಗುತ್ತಿಲ್ಲ. ಎರಡು ಸಲ ಸೋಪು ಹಾಕಿ ತೊಳೆದೆ. ಬೆಳಿಗ್ಗೆ ಜೇನುಪೆಟ್ಟಿಗೆಗಳ ಸ್ಟ್ಯಾಂಡಿನ ಕಾಲಡಿಯ ಬಟ್ಟಲುಗಳಿಗೆ ಆಯಿಲ್ ತುಂಬಿಸಿ ಬಂದವನು ಇನ್ನೂ ಕೂತಿಲ್ಲ; ಅಂಗಳಕ್ಕೂ ಶೆಡ್ಡಿಗೂ ಸುಮ್ಮನೆ ಓಡಾಡುತ್ತಿದ್ದೇನೆ. ಈ ವಾಸನೆ ಬಂದರೆ ಅಕ್ಕ ನೆನಪಾಗುತ್ತಾರೆ. ನಮ್ಮೂರಿನ ಆಶಾ ಕಾರ್ಯಕರ್ತೆ ಅವರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಊರಿಗೆಲ್ಲ ಅಕ್ಕ...

ಬಿಟ್ಟಂಗಾಲದ ನಮ್ಮ ತೋಟದಲ್ಲಿ ಹತ್ತು ಪೆಟ್ಟಿಗೆ ಜೇನು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದು ಅಪ್ಪನ ಕಾಲದ ಪದ್ಧತಿ. ಇರುವೆ ಹತ್ತುತ್ತಿರಲಿಲ್ಲ, ನಿಜ. ಸೊಳ್ಳೆಗೆ ನಲವತ್ತು ಹೆರಿಗೆ ಮನೆ ಕಟ್ಟಿಕೊಟ್ಟಿದ್ದೇನೆ ಎಂದು ತಿಳಿದದ್ದು ಅಕ್ಕ ಬಂದ ಮೇಲೆ. ಟಾರ್ಚ್ ಹಿಡಿದು ಡ್ರಮ್ಮು, ಹೂಕುಂಡ, ಬಟ್ಟಲು ಎಲ್ಲದಕ್ಕೂ ಬಗ್ಗಿ ನೋಡುತ್ತಿದ್ದರು, ಕಳೆದುಹೋದ ಕಿವಿಯೋಲೆ ಹುಡುಕುವವರ ಹಾಗೆ.

"ನೀರಿನ ಬದಲು ಹಳೇ ಆಯಿಲ್ ಹಾಕಿ ಅಣ್ಣ" ಎಂದು ಎಷ್ಟೋ ಸಲ ಹೇಳಿದರು. ಆ ವಾಸನೆಗೆ ಜೇನು ಎದ್ದು ಹೋದರೆ ನೀವು ತಂದುಕೊಡ್ತೀರಾ ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಒಂದು ಮಳೆಗಾಲದಲ್ಲಿ ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಡೆಂಗಿ ಬಂದು ಹೋಗಿತ್ತು. ಮುಂದಿನ ಬೇಸಿಗೆಯಲ್ಲಿ ನಮ್ಮ ಬಟ್ಟಲುಗಳು ಒಣಗಿ ಬಿದ್ದಿದ್ದವು. "ನೀರೇ ಇಲ್ಲ, ಇವತ್ತು ನಿಮಗೆ ರಜೆ" ಎಂದು ನಾನು ತಮಾಷೆ ಮಾಡಿದೆ. ಅಕ್ಕ ಒಂದು ಬಟ್ಟಲೆತ್ತಿ ಒಳಗೋಡೆಯನ್ನು ಉಗುರಿನಿಂದ ಕೆರೆದರು. ಮಸಿಯಂಥ ಹುಡಿ.

"ಇದು ಮೊಟ್ಟೆ. ಒಣಗಿದ್ರೂ ಸಾಯುದಿಲ್ಲ ಅಣ್ಣ, ತಿಂಗಳುಗಟ್ಟಲೆ ಹೀಗೇ ಕಾಯ್ತದೆ. ತಾಯಿಸೊಳ್ಳೆಗೆ ವೈರಸ್ ಇದ್ರೆ ಕೆಲವು ಮೊಟ್ಟೆಗೂ ಬರ್ತದೆ. ಅದರಿಂದ ಹುಟ್ಟಿದ್ದಕ್ಕೆ ಜ್ವರದವರನ್ನು ಕಚ್ಚಬೇಕಂತಲೇ ಇಲ್ಲ, ಹುಟ್ಟುವಾಗಲೇ ತಂದಿರ್ತದೆ. ನೀರು ಹಾಕುವ ಮೊದಲು ಎಲ್ಲ ಉಜ್ಜಿ, ಆಯ್ತಾ?"

ಆಯ್ತು ಎಂದೆ. ಮಳೆ ಹಿಡಿಯಿತು, ಇರುವೆ ಎದ್ದವು. ನಲವತ್ತು ಬಟ್ಟಲು ಉಜ್ಜುವವರು ಯಾರು? ಹಾಗೇ ನೀರು ಸುರಿದೆ.

ಹತ್ತು ಹನ್ನೆರಡು ದಿನದ ಮೇಲೆ ಅಕ್ಕ ಬಂದರು. ಕೊಡೆ ಮಡಚುತ್ತಾ "ಬಟ್ಟಲೆಲ್ಲ ಉಜ್ಜಿದಿರಾ ಅಣ್ಣ?" ಎಂದು ಕೇಳಿದರು.

"ಹೂಂ, ಎಲ್ಲ ಉಜ್ಜಿಯೇ ನೀರು ಹಾಕಿದ್ದು."

"ಅಣ್ಣ ಹೇಳಿದ ಮೇಲೆ ನೋಡುದೆಂತ!" ಎಂದು ನಕ್ಕರು. ಎಲ್ಲರ ಮನೆಯಲ್ಲೂ ಬಗ್ಗುತ್ತಿದ್ದ ಅಕ್ಕ ಅವತ್ತು ಬಗ್ಗಲಿಲ್ಲ. ಪೆಟ್ಟಿಗೆಗಳ ಪಕ್ಕದ ಕಲ್ಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಂಡರು. ಬರೆಯುತ್ತಲೇ ಎರಡು ಸಲ ಕಾಲಿಗೆ ಹೊಡೆದುಕೊಂಡರು. ನಾನು ನೋಡಿದೆ... ನೋಡಿ, ಒಳಗಿನಿಂದ ಜೇನಿನ ಬಾಟಲಿ ತಂದು ಕೊಟ್ಟೆ.

ಮುಂದಿನ ವಾರ ಅವರು ಬರಲಿಲ್ಲ. ಜ್ವರವಂತೆ, ಡೆಂಗಿಯಂತೆ ಎಂದರು. ವಿರಾಜಪೇಟೆ, ಆಮೇಲೆ ಮೈಸೂರು. ಮೈಸೂರಿನಿಂದ ಅಕ್ಕ ಜೀವಂತ ಬರಲಿಲ್ಲ.

ಮಣ್ಣು ಮಾಡಿ ಬಂದವನು ನೇರ ಪೆಟ್ಟಿಗೆಗಳ ಹತ್ತಿರ ಹೋಗಿ ಬಗ್ಗಿದೆ. ಬಟ್ಟಲು ಬಟ್ಟಲಲ್ಲೂ ಸೊಳ್ಳೆಯ ಹುಳ ಕುಣಿಯುತ್ತಿದ್ದವು. ದಿನಕ್ಕೆ ಹತ್ತಾರು ಮನೆ ತಿರುಗುವವರು, ಎಲ್ಲಿ ಕಚ್ಚಿತೋ ಯಾರಿಗೆ ಗೊತ್ತು? ನಮ್ಮ ಮನೆಯಲ್ಲಿ, ಆಸುಪಾಸಿನಲ್ಲಿ ಆ ವರ್ಷ ಯಾರಿಗೂ ಜ್ವರ ಇರಲಿಲ್ಲ. ಜ್ವರದವರೇ ಇಲ್ಲದ ಕಡೆ ಸೊಳ್ಳೆಗೆ ವೈರಸ್ ಎಲ್ಲಿಂದ? ಹೀಗೆಂದು ಸಮಾಧಾನ ಮಾಡಿಕೊಳ್ಳಲು ಹೊರಟರೆ ಆ ಮಸಿ ಮೆತ್ತಿದ ಉಗುರು ಕಣ್ಣೆದುರು ಬರುತ್ತದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವರು ಉಂಡರೇ? ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಅದಕ್ಕೇ ಒಂದು ಕಡೆ ಕೂರಲು ಆಗುವುದಿಲ್ಲ.

ಅವತ್ತಿನಿಂದ ನೀರಿನ ಬದಲು ಹಾಕುತ್ತಿರುವ ಆಯಿಲಿಗೆ ಜೇನು ಎದ್ದು ಹೋಗಲಿಲ್ಲ, ಇಷ್ಟು ವರ್ಷವಾದರೂ.

ಈಗಷ್ಟೇ ಹೊಸ ಕಾರ್ಯಕರ್ತೆ ಬಂದಳು, ಚಿಕ್ಕ ಹುಡುಗಿ. "ಬಟ್ಟಲು ಉಜ್ಜಿದೀರಲ್ಲ ಅಂಕಲ್?" ಎಂದು ಮೊಬೈಲಿನಲ್ಲಿ ಹೌದು ಎಂದು ಒತ್ತಲು ಹೊರಟಳು. ಉಜ್ಜಿದ್ದೆ, ತೆಂಗಿನ ನಾರು ಹಾಕಿ ಒಂದೊಂದನ್ನೂ ಉಜ್ಜಿದ್ದೆ. ಆದರೂ ಅವಳ ಮೊಬೈಲಿಗೆ ಕೈ ಅಡ್ಡ ಹಿಡಿದೆ.

"ನನ್ನ ಮಾತು ನಂಬಬೇಡಮ್ಮ, ಬಗ್ಗಿ ನೋಡು" ಎಂದೆ.

ಅವಳು ವಿಚಿತ್ರವಾಗಿ ನನ್ನನ್ನು ನೋಡಿ ಬಗ್ಗಿದಳು. ಅವಳು ಪ್ರತಿ ಬಟ್ಟಲನ್ನೂ ನೋಡಿ ಮುಗಿಸುವವರೆಗೆ ನಾನು ಹಿಂದೆ ನಿಂತು, ಹೆಗಲ ಟವೆಲಿನಿಂದ ಅವಳ ಕಾಲ ಹತ್ತಿರ ಗಾಳಿ ಬೀಸುತ್ತಲೇ ಇದ್ದೆ.